ತೋಟದ ಮೇಲಿನ ಬೆಳಕು ಡ್ರೋನ್ ಅಲ್ಲ, ಬೆಳ್ಳಿ

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. ಸಂಜೆ ಏಳಕ್ಕೆ ಪಡುವಣ ದಿಕ್ಕಿನ ತೋಟದ ಮೇಲೆ ಬಲ್ಬಿನಂಥ ಬೆಳಕು, ಅಲುಗಾಡುವುದಿಲ್ಲ, ಒಂಬತ್ತರೊಳಗೆ ಗುಡ್ಡದ ಹಿಂದೆ ಮರೆ. ಒಂಬತ್ತರ ಮೇಲೆ ಆಗ್ನೇಯದಲ್ಲಿ ಮರದ ಸಂದಿಯಿಂದ ಇನ್ನೊಂದು, ಅದು ಕೆಂಪು, ನೀಲಿ, ಹಸಿರು ಅಂತ ಮಿಣುಕುತ್ತದೆ. ಅಡಿಕೆ ಗೊನೆ ಕೊಯ್ಲಿನ ಹೊತ್ತಲ್ಲಿ ಯಾರೋ ಡ್ರೋನ್ ಬಿಟ್ಟು ತೋಟ ನೋಡುತ್ತಿದ್ದಾರೆ ಅಂತ ಪಕ್ಕದ ಮನೆಯವರ ಗುಮಾನಿ.

ಎರಡೂ ಡ್ರೋನ್ ಅಲ್ಲ. ಮೊದಲನೆಯದು ಶುಕ್ರ ಗ್ರಹ, ನಮ್ಮ ಅಜ್ಜಂದಿರ ಬೆಳ್ಳಿ. ಎರಡನೆಯದು ಲುಬ್ಧಕ (ಸಿರಿಯಸ್) ನಕ್ಷತ್ರ. ನಂಬಿಕೆ ಬರದಿದ್ದರೆ ಅಂಗಳದಲ್ಲಿ ಒಂದೇ ಜಾಗದಲ್ಲಿ ನಿಂತು, ಆ ಬೆಳಕನ್ನು ಒಂದು ಅಡಿಕೆ ಮರದ ತುದಿಗೆ ಸರಿಯಾಗಿ ಹೊಂದಿಸಿಕೊಳ್ಳಿ. ಕಾಲು ಗಂಟೆ ಬಿಟ್ಟು ಅಲ್ಲೇ ನಿಂತು ನೋಡಿ. ಬೆಳ್ಳಿ ಚಾಚಿದ ಕೈಯ ಎರಡು ಬೆರಳಿನಷ್ಟು ಕೆಳಗೆ ಜಾರಿರುತ್ತದೆ. ನಾಳೆಯೂ ಹೀಗೇ. ಸಾಮಾನ್ಯ ಡ್ರೋನಿನ ಬ್ಯಾಟರಿ ಎರಡು ಗಂಟೆ ಬಾಳುವುದಿಲ್ಲ, ಅದೂ ದಿನಾ ಒಂದೇ ಕಡೆ ಬಂದು ನಿಲ್ಲುವುದಿಲ್ಲ.

ನಗಬೇಡಿ, ನಾನೂ ಮೋಸ ಹೋದವನೇ. ಒಂದು ವರ್ಷ ನಮ್ಮ ಕಡೆ ಅಡಿಕೆ ಕಳ್ಳರ ಕಾಟ ಜಾಸ್ತಿ ಇತ್ತು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನೋಡುತ್ತೇನೆ, ಮೂಡಣದ ಮರಗಳ ನಡುವೆ ದೊಡ್ಡ ಬೆಳಕು. ಯಾರೋ ತಲೆಗೆ ಟಾರ್ಚ್ ಕಟ್ಟಿಕೊಂಡು ಮರ ಹತ್ತಿದ್ದಾರೆ ಅಂತ ನಾಯಿ, ದೊಣ್ಣೆ ಎರಡೂ ಹಿಡಿದು ತೋಟದ ಕಪ್ಪು (ಬಸಿಗಾಲುವೆ) ಹಾರುತ್ತಾ ಓಡಿದೆ. ಹತ್ತಿರ ಹೋದಷ್ಟೂ ಕಳ್ಳ ಮೇಲೆ ಮೇಲೆ ಹತ್ತುತ್ತಾನೆ! ಆಮೇಲೆ ಗೊತ್ತಾಯಿತು, ಬೆಳ್ಳಿ ಮೂಡುತ್ತಿದೆ ಅಂತ. ಶುಕ್ರ ಆಕಾಶದಲ್ಲಿ ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ಹಾಗಾಗಿ ಕೆಲವು ತಿಂಗಳು ಸಂಜೆ ಪಡುವಣದಲ್ಲಿ, ಕೆಲವು ತಿಂಗಳು ಬೆಳಗಿನ ಜಾವ ಮೂಡಣದಲ್ಲಿ. ನಡುರಾತ್ರಿ ನೆತ್ತಿಯ ಮೇಲೆ ಹೊಳೆಯುವುದನ್ನು ಯಾರಾದರೂ ಶುಕ್ರ ಅಂದರೆ ನಂಬಬೇಡಿ. ಅದು ಬಹುತೇಕ ಗುರು.

ಇಷ್ಟು ಹೊಳಪು ಯಾಕೆ ಅಂದರೆ, ಶುಕ್ರನ ಮೈತುಂಬ ದಪ್ಪ ಮೋಡ. ಬಿದ್ದ ಬಿಸಿಲಲ್ಲಿ ಮುಕ್ಕಾಲು ಪಾಲನ್ನು ಅದು ವಾಪಸ್ ಎಸೆಯುತ್ತದೆ. ಬೈನಾಕ್ಯುಲರ್ ಇದ್ದರೆ ಗೋಡೆಗೆ ಆನಿಸಿ ನೋಡಿ, ಕೆಲವು ವಾರಗಳಲ್ಲಿ ಪುಟ್ಟ ಬಿದಿಗೆ ಚಂದ್ರನ ಹಾಗೆ ಕಾಣುತ್ತದೆ. ಅದೇ ಬೈನಾಕ್ಯುಲರಿನಲ್ಲಿ ಗುರುವಿನ ಪಕ್ಕ ಸಾಲಾಗಿ ಚುಕ್ಕಿಗಳು ಸಿಗುತ್ತವೆ. 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಚಂದ್ರರು ಅವೇ.

ಹೊಳಪಿಗೆ ಅಂಕ ಕೊಡುವ ಲೆಕ್ಕ ತಲೆಕೆಳಗು: ಅಂಕ ಕಡಿಮೆಯಾದಷ್ಟೂ ಹೊಳಪು ಜಾಸ್ತಿ, 5 ಅಂಕದ ಅಂತರ ಅಂದರೆ 100 ಪಟ್ಟು. ಹುಣ್ಣಿಮೆ ಚಂದ್ರ ಮೈನಸ್ 12.7. ಶುಕ್ರ ಸುಮಾರು ಮೈನಸ್ 4ರಿಂದ 4.9. ಗುರು ಹೆಚ್ಚೆಂದರೆ ಮೈನಸ್ 2.9. ಮಂಗಳ ಎರಡು ವರ್ಷಕ್ಕೊಮ್ಮೆ ಹತ್ತಿರ ಬಂದಾಗ ಕೆಲವು ಸಲ ಗುರುವನ್ನೇ ಮೀರಿಸುತ್ತಾನೆ, ಉಳಿದ ದಿನ ಸುಮ್ನೆ ಒಂದು ಕೆಂಪು ಚುಕ್ಕಿ. ನಕ್ಷತ್ರಗಳಲ್ಲಿ ಲುಬ್ಧಕ ಮೊದಲು, ಮೈನಸ್ 1.46. ಅಂದರೆ ಬೆಳ್ಳಿ ಅದರ ಹತ್ತು ಪಟ್ಟು ಮೀರುತ್ತದೆ. ಧ್ರುವ ನಕ್ಷತ್ರವೇ ಎಲ್ಲಕ್ಕಿಂತ ಪ್ರಕಾಶ ಅಲ್ವಾ ಅಂತ ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಬರೆದಿದ್ದಾರೆ. ಅಲ್ಲ. ಮೊದಲ ನಲವತ್ತರಲ್ಲೂ ಅದಕ್ಕೆ ಜಾಗ ಇಲ್ಲ. ಶಿವಮೊಗ್ಗದಿಂದ ನೋಡಿದರೆ ಉತ್ತರದಲ್ಲಿ ಬರೀ 14 ಡಿಗ್ರಿ ಎತ್ತರ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ನಮ್ಮ ಗುಡ್ಡಗಳ ನಡುವೆ ಎಷ್ಟೋ ಮನೆಗಳಿಗೆ ಕಾಣುವುದೇ ಇಲ್ಲ.

ಲುಬ್ಧಕ ಬಣ್ಣ ಬದಲಿಸುವುದು ನಮ್ಮ ಗಾಳಿಯ ಕೆಲಸ. ಆಕಾಶದ ಅಂಚಿನಲ್ಲಿದ್ದಾಗ ಬೆಳಕು ದಪ್ಪ ಗಾಳಿ ದಾಟಿ ಬರಬೇಕು, ಅದಕ್ಕೇ ಚದುರುತ್ತದೆ. ಮೇಲೇರಿದ ಮೇಲೆ ಬೆಳ್ಳಗೆ ನಿಲ್ಲುತ್ತದೆ. ಗ್ರಹಗಳು ಮಿನುಗುವುದು ಕಡಿಮೆ, ಆದರೆ ಅಂಚಿಗೆ ಬಂದರೆ ಅವೂ ಮಿನುಗುತ್ತವೆ. ಆದ್ದರಿಂದ ಮಿನುಗಿದರೆ ನಕ್ಷತ್ರ ಅನ್ನುವ ಶಾಲೆಯ ಪಾಠವನ್ನು ಸ್ವಲ್ಪ ಎತ್ತರಕ್ಕೆ ಮಾತ್ರ ಅನ್ವಯಿಸಿ.

ನಿಜವಾಗಿ ಓಡುವ ಬೆಳಕೂ ಇದೆ. ಮಿಣುಕದೆ, ಸದ್ದಿಲ್ಲದೆ, ಐದಾರು ನಿಮಿಷದಲ್ಲಿ ಆಕಾಶ ದಾಟಿದರೆ ಅದು ಉಪಗ್ರಹ. ಬೆಳ್ಳಿಯಷ್ಟೇ ಹೊಳೆದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ, ಸುಮಾರು 400 ಕಿಲೋಮೀಟರ್ ಮೇಲೆ. ನಡು ಆಕಾಶದಲ್ಲೇ ಆರಿದರೆ ಭೂಮಿಯ ನೆರಳು ಹೊಕ್ಕಿತು ಅಂತ. ಕೆಂಪು ಹಸಿರು ದೀಪ ಇದ್ದರೆ ವಿಮಾನ.

ಈಗ ನನ್ನ ಇಷ್ಟದ ವಿಷಯ. ಮಳೆ ನಕ್ಷತ್ರ ನಮಗೆಲ್ಲ ಬಾಯಿಪಾಠ, ಆದರೆ ಆ ನಕ್ಷತ್ರಗಳನ್ನು ನೋಡಿದವರು ಕಡಿಮೆ. ರೋಹಿಣಿ ಮಳೆ, ಆರಿದ್ರೆ ಮಳೆ ಅಂದರೆ ಆ ಹೊತ್ತಿಗೆ ಸೂರ್ಯ ಆ ನಕ್ಷತ್ರದ ಕಡೆ ಇರುತ್ತಾನೆ. ಹಾಗಾಗಿ ಮೋಡ ಇಲ್ಲದಿದ್ದರೂ ಜೂನ್‌ನಲ್ಲಿ ಆರಿದ್ರೆ ಕಾಣುವುದಿಲ್ಲ. ಅದನ್ನು ನೋಡಬೇಕಾದ್ದು ಈಗ, ಅಡಿಕೆ ಸುಲಿಯುವ ಕಾಲದಲ್ಲಿ. ರಾತ್ರಿ ಹತ್ತಕ್ಕೆ ಮೂಡಣಕ್ಕೆ ತಿರುಗಿ. ಸಾಲಾಗಿ ಮೂರು ಚುಕ್ಕಿ ಸಿಗುತ್ತವೆ. ಅವುಗಳ ಎಡಕ್ಕೆ ಕೆಂಪಗಿರುವುದು ಆರಿದ್ರೆ. ಆ ಸಾಲನ್ನು ಮೇಲಕ್ಕೆ ಎಳೆದರೆ ರೋಹಿಣಿ, ಕೆಳಕ್ಕೆ ಎಳೆದರೆ ಲುಬ್ಧಕ. 2019ರ ಕೊನೆಗೆ ಆರಿದ್ರೆ ಇದ್ದಕ್ಕಿದ್ದಂತೆ ಮಂಕಾಗಿ ದೊಡ್ಡ ಸುದ್ದಿಯಾಗಿತ್ತು. ಅದೇ ಉಗುಳಿದ ದೂಳು ಅದಕ್ಕೇ ಅಡ್ಡ ಬಂದಿತ್ತು.

ಇನ್ನು ಅಗಸ್ತ್ಯ ನಕ್ಷತ್ರ. ಹೊಳಪಿನಲ್ಲಿ ಲುಬ್ಧಕದ ನಂತರ ಇದೇ. ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಹೋಗುವ ದೂರ. ಲುಬ್ಧಕ 8.6 ಜ್ಯೋತಿರ್ವರ್ಷದ ನೆರೆಮನೆ, ಅಗಸ್ತ್ಯ ಸುಮಾರು 310 ಜ್ಯೋತಿರ್ವರ್ಷ ಆಚೆ. ಅಷ್ಟು ದೂರದಿಂದ ಇಷ್ಟು ಹೊಳೆಯಬೇಕಾದರೆ ನೋಡಿ! ದೆಹಲಿಯಲ್ಲಿ ಇದು ಒಂದು ಮುಷ್ಟಿ ಎತ್ತರಕ್ಕೂ ಏರುವುದಿಲ್ಲ, ನಮಗೆ ಎರಡು ಮುಷ್ಟಿ ದಾಟುತ್ತದೆ. ಡಿಸೆಂಬರಿನಲ್ಲಿ ಹನ್ನೊಂದರ ಮೇಲೆ, ಫೆಬ್ರವರಿ ಮಧ್ಯದಲ್ಲಿ ಒಂಬತ್ತಕ್ಕೆ ದಕ್ಷಿಣಕ್ಕೆ ಮುಖ ಮಾಡಿ. ತೋಟದೊಳಗೆ ನಿಂತರೆ ಏನೂ ಕಾಣದು. ಕೊಯ್ದ ಗದ್ದೆ ಬಯಲು ಅಥವಾ ಬ್ಯಾಣ (ಹುಲ್ಲುಗಾವಲು) ಒಳ್ಳೆಯದು. ಅಂಗಳದ ಲೈಟ್ ಆರಿಸಿ, ಇಪ್ಪತ್ತು ನಿಮಿಷ ಮೊಬೈಲ್ ಮುಟ್ಟಬೇಡಿ. ಅಡಿಕೆ ಬೇಯಿಸುವ ಒಲೆಯ ಹೊಗೆ ಯಾವ ಕಡೆ ಹೋಗುತ್ತದೆ ಅಂತಲೂ ನೋಡಿಕೊಳ್ಳಿ. ತಡವಾದರೆ ಹೊಳೆ ಪಕ್ಕದವರಿಗೆ ಮಂಜು ಮುಚ್ಚುತ್ತದೆ. ನಡೆಯುವಾಗ ಮಾತ್ರ ಕಾಲ ಕೆಳಗೆ ಟಾರ್ಚ್ ಇರಲಿ, ಹಾವು ನಕ್ಷತ್ರ ನೋಡುವುದಿಲ್ಲ.

ಅಗಸ್ತ್ಯ ಸಿಕ್ಕರೆ ಗುಂಪಿನಲ್ಲಿ ಒಂದು ಫೋಟೋ ಹಾಕಿ ಅಣ್ಣಾ. ನಮ್ಮ ಮನೆಗೆ ದಕ್ಷಿಣಕ್ಕೆ ಗುಡ್ಡ ಅಡ್ಡ.