ಪರ್ಷಿಯನ್ನರಿಗೆ ಅಷ್ಟು ದೊಡ್ಡ ನೌಕಾಪಡೆ ಎಲ್ಲಿಂದ ಬಂತು? ಫಿನೀಷಿಯನ್ನರನ್ನು ಗುಲಾಮರನ್ನಾಗಿ ಮಾಡಿಕೊಂಡಿದ್ದರೇ?

ನಿಮ್ಮ ಎರಡನೇ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಗುಲಾಮರಲ್ಲ. ಕಪ್ಪ ಕೊಡುತ್ತಿದ್ದರು, ಕರೆ ಬಂದಾಗ ಹಡಗು ಕಳಿಸುತ್ತಿದ್ದರು, ಅದು ನಿಜ. ಆದರೆ ಚಕ್ರವರ್ತಿಗೆ ‘ಆಗುವುದಿಲ್ಲ’ ಎಂದು ಹೇಳಿ ದಕ್ಕಿಸಿಕೊಂಡವರೂ ಅವರೇ.

ಫಿನೀಷಿಯನ್ನರೆಂದರೆ ಟೈರ್, ಸೈಡಾನ್, ಬಿಬ್ಲೋಸ್, ಅರ್ವಾದ್ ಪಟ್ಟಣಗಳ ಜನ. ಈಗಿನ ಲೆಬನಾನ್ ಮತ್ತು ಅದರ ಉತ್ತರದ ಸಿರಿಯಾ ಕರಾವಳಿ ಅವರದು. ಊರಿಗೊಬ್ಬ ರಾಜ. ಬೆನ್ನಿಗೆ ದೇವದಾರು ಬೆಳೆಯುವ ಬೆಟ್ಟ, ಎದುರಿಗೆ ಕಡಲು, ನಡುವೆ ಉಳುಮೆಗೆ ಸಿಕ್ಕಿದ್ದು ಕಿರಿದಾದ ನೆಲ. ಹಡಗು ಕಟ್ಟದೆ ಬದುಕು ಸಾಗುತ್ತಿರಲಿಲ್ಲ. ಪರ್ಷಿಯನ್ನರದು ಕುದುರೆ, ಬಿಲ್ಲಿನ ಬಲ. ಕ್ರಿ.ಪೂ. 539ರಲ್ಲಿ ಪರ್ಷಿಯಾದ ಚಕ್ರವರ್ತಿ ಸೈರಸ್ ಬ್ಯಾಬಿಲೋನನ್ನು ಹಿಡಿದ ಮೇಲೆ ಈ ಪಟ್ಟಣಗಳೂ ಪರ್ಷಿಯಾದ ಕೈಗೆ ಬಂದವು.

ಕ್ರಿ.ಪೂ. 525ರಲ್ಲಿ ಸೈರಸ್‌ನ ಮಗ ಕ್ಯಾಂಬೈಸಿಸ್ ಈಜಿಪ್ಟನ್ನು ಗೆದ್ದ. ಆಮೇಲೆ ಕಾರ್ತೇಜ್ ಮೇಲೆ ಹೊರಡಿ ಎಂದು ಹಡಗುಗಳಿಗೆ ಅಪ್ಪಣೆ ಮಾಡಿದ. ಉತ್ತರ ಆಫ್ರಿಕಾದ ಕಾರ್ತೇಜ್ ಟೈರ್‌ನವರೇ ಹೋಗಿ ಕಟ್ಟಿದ ಊರು. ಆಣೆ ಇಟ್ಟಿದ್ದೇವೆ, ನಮ್ಮ ಮಕ್ಕಳ ಮೇಲೆ ನಾವೇ ಯುದ್ಧಕ್ಕೆ ಹೋಗುವುದಿಲ್ಲ ಎಂದರು ಫಿನೀಷಿಯನ್ನರು. ಕ್ಯಾಂಬೈಸಿಸ್ ಬಲವಂತ ಮಾಡಲಿಲ್ಲ. ತಾವಾಗಿಯೇ ಬಂದು ಸೇರಿದವರು, ಇಡೀ ನೌಕಾಬಲ ನಿಂತಿದ್ದೂ ಅವರ ಮೇಲೆ ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕಾರಣ ಕೊಡುತ್ತಾನೆ. ದಂಡಯಾತ್ರೆ ಅಲ್ಲಿಗೇ ನಿಂತಿತು.

ಅವರ ಕಸುಬುಗಾರಿಕೆ ನನಗೆ ಕಣ್ಣಿಗೆ ಕಟ್ಟುವುದು ಅಥೋಸ್ ಕಾಲುವೆಯಲ್ಲಿ. ಕ್ರಿ.ಪೂ. 492ರಲ್ಲಿ ಉತ್ತರ ಗ್ರೀಸಿನ ಅಥೋಸ್ ಬೆಟ್ಟದ ಬಳಿ ಬಿರುಗಾಳಿಗೆ ಸಿಕ್ಕಿ ಪರ್ಷಿಯನ್ ನೌಕಾಪಡೆ ನುಚ್ಚುನೂರಾಗಿತ್ತು. ಅದಕ್ಕೇ ಮುಂದೆ ಗ್ರೀಸಿನ ಮೇಲೆ ಹೊರಟ ಪರ್ಷಿಯಾದ ಚಕ್ರವರ್ತಿ ಕ್ಸರ್ಕ್ಸಿಸ್ ಬೆಟ್ಟವನ್ನು ಸುತ್ತುವ ಬದಲು, ಅದನ್ನು ನಾಡಿಗೆ ಸೇರಿಸುವ ಸುಮಾರು 2 ಕಿಲೋಮೀಟರ್ ಅಗಲದ ನೆಲದ ಪಟ್ಟಿಯನ್ನೇ ಅಗೆಸಿದ. ಒಂದೊಂದು ಜನಾಂಗಕ್ಕೆ ಒಂದೊಂದು ಪಾಲು. ಉಳಿದವರೆಲ್ಲ ಮೇಲೆಷ್ಟೋ ಕೆಳಗೂ ಅಷ್ಟೇ ಅಗಲ ಇಟ್ಟು ನೇರ ಇಳಿದರು. ಪಕ್ಕದ ಮಣ್ಣು ಕುಸಿದು ಕೆಲಸ ದುಪ್ಪಟ್ಟಾಯಿತು. ಫಿನೀಷಿಯನ್ನರು ಮಾತ್ರ ಬೇಕಾದ್ದಕ್ಕಿಂತ ಎರಡರಷ್ಟು ಅಗಲಕ್ಕೆ ಬಾಯಿ ತೆರೆದು, ಇಳಿಯುತ್ತಾ ಹೋದಂತೆ ಕಿರಿದು ಮಾಡುತ್ತಾ, ತಳಕ್ಕೆ ಬರುವಾಗ ಸರಿಯಾದ ಅಳತೆಗೆ ತಂದರು. ಓರೆ ದಡ ಕುಸಿಯಲಿಲ್ಲ. ಸಾಮ್ರಾಜ್ಯ ಎಂದಕೂಡಲೇ ನಾವು ಕತ್ತಿ ಹಿಡಿದವರನ್ನಷ್ಟೇ ನೆನೆಯುತ್ತೇವೆ. ಮಣ್ಣಿನ ಗುಣ ತಿಳಿದಿದ್ದ ಈ ಕೈಗಳನ್ನು ಮರೆಯುವುದು ನನಗೆ ನೋವು ತರುತ್ತದೆ.

ಕ್ರಿ.ಪೂ. 480ರಲ್ಲಿ ಅಥೆನ್ಸ್ ಹತ್ತಿರದ ಸಲಾಮಿಸ್ ದ್ವೀಪದ ಬಳಿ ಗ್ರೀಕರ ಕೈಯಲ್ಲಿ ಪರ್ಷಿಯನ್ನರಿಗೆ ಸೋಲಾಗುತ್ತಿದ್ದಾಗ, ಹಡಗು ಕಳೆದುಕೊಂಡ ಕೆಲವು ಫಿನೀಷಿಯನ್ನರು ಕ್ಸರ್ಕ್ಸಿಸ್ ಬಳಿ ಬಂದು ಪರ್ಷಿಯಾದ ಕಡೆಯೇ ಇದ್ದ ಏಷ್ಯಾ ಕರಾವಳಿಯ ಗ್ರೀಕರಾದ ಅಯೋನಿಯನ್ನರ ಮೇಲೆ ದೂರು ಹೇಳಿದರು. ಸಿಟ್ಟಿನಲ್ಲಿ ಅವನು ದೂರು ತಂದವರ ತಲೆಯನ್ನೇ ಕಡಿಸಿದ. ಮರುವರ್ಷ ಈಗಿನ ಟರ್ಕಿಯ ಪಶ್ಚಿಮ ಕರಾವಳಿಯ ಮೈಕಾಲೆಯಲ್ಲಿ ಗ್ರೀಕ್ ಹಡಗುಗಳು ಎದುರಾಗುವ ಹೊತ್ತಿಗೆ ಫಿನೀಷಿಯನ್ ಹಡಗುಗಳು ಅಲ್ಲಿರಲಿಲ್ಲ, ಪರ್ಷಿಯನ್ನರೇ ಕಳಿಸಿಕೊಟ್ಟಿದ್ದರು. ನೀರಿನ ಮೇಲೆ ಕಾದಾಡುವ ಧೈರ್ಯ ಸಾಲದೆ, ಉಳಿದ ಹಡಗುಗಳನ್ನು ದಡಕ್ಕೆ ಎಳೆದು ಸುತ್ತ ಕಲ್ಲು, ಮರದ ಬೇಲಿ ಕಟ್ಟಿಕೊಂಡು ಕೂತರು. ಗ್ರೀಕರು ದಡಕ್ಕೇ ಇಳಿದು ಬಂದು, ಗೆದ್ದು, ಆ ಹಡಗುಗಳಿಗೆ ಬೆಂಕಿ ಹಚ್ಚಿದರು.