11 ಉತ್ತರ ಬಂದಿವೆ, ಗೆಳೆಯನಿಗೆ ಕಾಣುವುದು 3 ಮಾತ್ರ

ಪ್ರಶ್ನೆ: ಭತ್ತದ ಬೆಂಕಿ ರೋಗಕ್ಕೆ ಔಷಧಿ ಹೊಡೆಯುವ ಬಗ್ಗೆ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಬರೆದಿದ್ದೆ. 16 ಲೀಟರ್ ಟ್ಯಾಂಕಿಗೆ ಹಾಕಬೇಕಾದ ಅಳತೆಯನ್ನು ಕೈತಪ್ಪಿ ಒಂದು ಲೀಟರಿಗೆ ಎಂದು ಬರೆದುಬಿಟ್ಟೆ. ಒಬ್ಬರು ಉತ್ತರದಲ್ಲಿ ತಿದ್ದಿದರು. ‘ಹೌದು, ತಪ್ಪಾಯಿತು’ ಎಂದು ನಾನೂ ಅವರಿಗೆ ಬರೆದೆ. ನನಗೆ ಒಟ್ಟು 11 ಉತ್ತರ ಕಾಣುತ್ತವೆ. ಮೈಸೂರಿನ ಗೆಳೆಯ ಬೇರೆ ಸರ್ವರ್‌ನಲ್ಲಿದ್ದಾನೆ, ಯಾರೋ ಬೂಸ್ಟ್ ಮಾಡಿದ್ದರಿಂದ (ಅಂದರೆ ತಮ್ಮ ಫಾಲೋವರ್‌ಗಳಿಗೆ ಹಂಚಿದ್ದರಿಂದ) ಪೋಸ್ಟ್ ಸಿಕ್ಕಿತಂತೆ. ಅವನಿಗೆ ಕಾಣುವುದು 3. ಹೊಸ ಬರಹಗಳನ್ನು ಒಂದೆಡೆ ತಂದುಕೊಡುವ ಫೀಡ್ ರೀಡರ್‌ನಲ್ಲಿ ಓದುವ ನಮ್ಮ ಭಾವನಿಗೆ ಒಂದೂ ಇಲ್ಲ. ಹೀಗೇಕೆ?
— ಓದುಗರು, ಪಾಂಡವಪುರ

ಉತ್ತರ: ಮೊದಲು ಆ ಪೋಸ್ಟನ್ನು ತಿದ್ದಿ, ಆಮೇಲೆ ಮುಂದಕ್ಕೆ ಓದಿ. ನಿಮ್ಮ ಪತ್ರ ನೋಡಿದಾಗ ನನ್ನ ಕಣ್ಣ ಮುಂದೆ ಬಂದದ್ದು ಗದ್ದೆ ಬದುವಿನ ಮೇಲೆ ಫೋನ್ ನೋಡಿಕೊಂಡು ಔಷಧಿ ಅಳೆಯುತ್ತಿರುವ ರೈತ. ಅವರ ಫೋನಿನಲ್ಲಿ ತಪ್ಪು ಇದೆ, ತಿದ್ದಿದ ಮಾತು ಇಲ್ಲ.

ಫೇಸ್‌ಬುಕ್‌ನಲ್ಲಿ ಎಲ್ಲರ ಮಾತೂ ಒಂದೇ ಕಂಪನಿಯ ಬಳಿ ಇರುತ್ತದೆ. ಮಾಸ್ಟೊಡಾನ್ ಹಾಗಲ್ಲ. ಅಲ್ಲಿ ಸಾವಿರಾರು ಸರ್ವರ್‌ಗಳಿವೆ, ಅವು ಮಾತಾಡಿಕೊಳ್ಳುವುದು ಆಕ್ಟಿವಿಟಿಪಬ್ ಎಂಬ ನಿಯಮದಲ್ಲಿ. 2018ರಲ್ಲಿ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಅದನ್ನು ಅಧಿಕೃತ ಶಿಫಾರಸು ಮಾಡಿತು. ಇದು ಹೇಗೆಂದು ವಿ.ಸಿ. ನಾಲೆ ನೋಡಿ ಬೆಳೆದ ನಿಮಗೆ ಸುಲಭವಾಗಿ ಹೇಳಬಹುದು. ತೂಬು ತೆಗೆದ ಗದ್ದೆಗೆ ಮಾತ್ರ ನೀರು. ಫಾಲೋ ಮಾಡುವುದೆಂದರೆ ತೂಬು ತೆಗೆದ ಹಾಗೆ. ನಿಮ್ಮ ಪೋಸ್ಟಿಗೆ ಯಾರಾದರೂ ಉತ್ತರಿಸಿದರೆ ಅದು ನಿಮ್ಮ ಸರ್ವರ್‌ಗೆ ಬರುತ್ತದೆ, ಉತ್ತರಿಸಿದವರ ಫಾಲೋವರ್‌ಗಳು ಇರುವ ಸರ್ವರ್‌ಗಳಿಗೆ ಹೋಗುತ್ತದೆ. ನಿಮ್ಮ ಸರ್ವರ್ ಅದನ್ನು ನಿಮ್ಮ ಫಾಲೋವರ್‌ಗಳ ಕಡೆಗೂ ದಾಟಿಸಬಹುದು. ನಿಮ್ಮ ಗೆಳೆಯನ ಸರ್ವರ್‌ಗೆ ಈ ದಾರಿಗಳಲ್ಲಿ ಬಂದದ್ದು ಆ 3 ಉತ್ತರ ಮಾತ್ರ ಇರಬೇಕು, ಉಳಿದವಕ್ಕೆ ಅಲ್ಲಿ ತೂಬು ತೆಗೆದವರಿಲ್ಲ. ಬೂಸ್ಟ್‌ನಿಂದ ಪೋಸ್ಟ್ ಮಾತ್ರ ಹೋಯಿತು. ತೂಬು ತೆಗೆಯುವ ಮೊದಲೇ ಹರಿದುಹೋದ ನೀರು ಹಿಂದಕ್ಕೆ ಬರುವುದಿಲ್ಲವಲ್ಲ, ಹಳೆಯ ಉತ್ತರಗಳ ಕಥೆಯೂ ಅದೇ. 2025ರಲ್ಲಿ ಬಂದ ಮಾಸ್ಟೊಡಾನ್ ಆವೃತ್ತಿಗಳಲ್ಲಿ ಬಿಟ್ಟುಹೋದ ಉತ್ತರಗಳನ್ನು ಹುಡುಕಿ ತರುವ ಸೌಲಭ್ಯ ಸೇರಿದೆ, ಆದರೆ ಸರ್ವರ್ ನಡೆಸುವವರು ಅಪ್‌ಡೇಟ್ ಮಾಡಿರಬೇಕು. ಅಲ್ಲಿಯವರೆಗೆ ಗೆಳೆಯನಿಗೆ ಪೋಸ್ಟಿನ ಮೂಲ ಲಿಂಕ್ ಕಳಿಸಿ, ಬ್ರೌಸರ್‌ನಲ್ಲಿ ತೆರೆಯಲು ಹೇಳಿ. ಅದು ನೇರ ನಿಮ್ಮ ಸರ್ವರ್‌ನಿಂದಲೇ ಬರುವುದರಿಂದ ನಿಮ್ಮಲ್ಲಿರುವ ಸಾರ್ವಜನಿಕ ಉತ್ತರಗಳು ಅವನಿಗೂ ಸಿಗುತ್ತವೆ.

ಭಾವನವರದು ಬೇರೆ ಲೆಕ್ಕ. ಪ್ರೊಫೈಲ್ ವಿಳಾಸದ ಕೊನೆಗೆ ‘.rss’ ಸೇರಿಸಿದರೆ ಸಿಗುವ ಫೀಡ್‌ನಲ್ಲಿ ನಿಮ್ಮ ಸಾರ್ವಜನಿಕ ಪೋಸ್ಟ್‌ಗಳಷ್ಟೇ ಇರುತ್ತವೆ. ಬೇರೆಯವರು ಬರೆದದ್ದು ಇರುವುದಿಲ್ಲ, ನೀವು ಅವರಿಗೆ ಕೊಟ್ಟ ಉತ್ತರವೂ ಇರುವುದಿಲ್ಲ. ಹಾಗಾಗಿ ‘ತಪ್ಪಾಯಿತು’ ಎಂಬ ನಿಮ್ಮ ಮಾತು ಭಾವನವರನ್ನು ತಲುಪಲೇ ಇಲ್ಲ. ಯಾವ ಮಾತು ಯಾವುದಕ್ಕೆ ಉತ್ತರ ಎಂದು ಫೀಡ್‌ನಲ್ಲೇ ಗುರುತಿಸುವ ವಿಧಾನ 2006ರಲ್ಲೇ ಆಟಂ ಎಂಬ ಬಗೆಯ ಫೀಡ್‌ಗಳಿಗೆ ಬಂದಿತ್ತು. ರೀಡರ್ ತಯಾರಿಸಿದವರಲ್ಲಿ ಹೆಚ್ಚಿನವರು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ನನಗೆ ಇವತ್ತಿಗೂ ಬೇಸರ ತರುವ ಸಂಗತಿ ಇದು.

ಈಗ ನೀವು ಮಾಡಬೇಕಾದದ್ದು. ಎಡಿಟ್ ಒತ್ತಿ ಅಳತೆ ಸರಿಪಡಿಸಿ, ಮೇಲ್ಗಡೆ ‘ತಿದ್ದಿದ್ದು’ ಎಂದು ಬರೆಯಿರಿ. ಪೋಸ್ಟ್ ತಲುಪಿದ ಸರ್ವರ್‌ಗಳಿಗೆ ತಿದ್ದುಪಡಿಯೂ ಸಾಮಾನ್ಯವಾಗಿ ಹೋಗುತ್ತದೆ, ಬೂಸ್ಟ್ ಮಾಡಿದವರಿಗೆ ಸೂಚನೆ ಬರುತ್ತದೆ. ಆದರೆ ಒಮ್ಮೆ ಇಳಿಸಿಕೊಂಡ ಪೋಸ್ಟನ್ನು ಎಷ್ಟೋ ಫೀಡ್ ರೀಡರ್‌ಗಳು ಮತ್ತೆ ತಿರುಗಿ ನೋಡುವುದಿಲ್ಲ. ಅದಕ್ಕೇ ಇನ್ನೊಂದು ಹೊಸ ಪೋಸ್ಟ್ ಹಾಕಿ: ‘ನಿನ್ನೆ ಬರೆದ ಅಳತೆ ತಪ್ಪು, ಸರಿಯಾದದ್ದು ಇದು.’ ಹೊಸ ಪೋಸ್ಟ್ ಆದ್ದರಿಂದ ಭಾವನವರ ಫೀಡ್‌ಗೂ ಬಂದೇ ಬರುತ್ತದೆ. ತಿದ್ದಿದವರನ್ನು ಅದರಲ್ಲಿ ನೆನೆದರೆ ಚೆನ್ನ. ಅವರ ಮಾತನ್ನು ಪೂರ್ತಿ ಎತ್ತಿ ಹಾಕುವುದಾದರೆ ಮಾತ್ರ ಒಮ್ಮೆ ಕೇಳಿಕೊಳ್ಳಿ. ಫಾಲೋವರ್‌ಗಳಿಗೆ ಮಾತ್ರ ಎಂದು ಬರೆದಿದ್ದರೆ ಅದನ್ನು ಹೊರಗೆ ತರಬೇಡಿ.

ಔಷಧಿ ಅಳತೆಯನ್ನು ಡಬ್ಬದ ಮೇಲಿನ ಲೇಬಲ್ ಜೊತೆ ಹೋಲಿಸಿ, ಅನುಮಾನವಿದ್ದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಚಾರಿಸಿ, ಆಮೇಲೆ ಹಾಕಿ. ಆ ಹೊಸ ಪೋಸ್ಟ್ ಇವತ್ತು ಸಂಜೆಯೊಳಗೆ ಹೋಗಲಿ.