ಯಾರ 'ಕೈ' ಇದು?

ಓದುಗರ ಪತ್ರ: ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ನನ್ನ ಮೊಮ್ಮಗಳು ಒಂದು ಪ್ರೋಗ್ರಾಂ ಬರೆದಳು. ಕನ್ನಡ ಬೈಬಲಿನ ಪತ್ರಗಳನ್ನು ಅದಕ್ಕೆ ಕೊಟ್ಟು ವಾಕ್ಯದ ಉದ್ದ ಮತ್ತು ಸಣ್ಣ ಪದಗಳನ್ನು ಎಣಿಸಿದೆವು. ರೋಮಾಪುರದವರಿಗೆ ಬರೆದ ಪತ್ರ ಮತ್ತು ಇಬ್ರಿಯರಿಗೆ ಬರೆದ ಪತ್ರ ಒಬ್ಬನವೇ ಎಂದು ಬಂತು. ಪಂಡಿತರು ಅಲ್ಲವೆನ್ನುತ್ತಾರೆ. ಯಂತ್ರಕ್ಕೆ ಪಕ್ಷಪಾತವಿಲ್ಲವಲ್ಲ?
– ನಿವೃತ್ತ ಮೇಷ್ಟ್ರು, ಮಂಗಳೂರು

ಸಂಪಾದಕರ ಉತ್ತರ: ಮೇಷ್ಟ್ರೇ, ಅಜ್ಜನೂ ಮೊಮ್ಮಗಳೂ ಕೂತು ಬೈಬಲ್ ಎಣಿಸುವ ಮನೆಗಳು ಎಷ್ಟಿವೆ! ಓದಿ ಹೊಟ್ಟೆ ತಂಪಾಯಿತು. ಆದರೆ ನೀವು ಎಣಿಸಿದ್ದು ರೋಮಾಪುರದವರಿಗೆ ಪತ್ರ ಬರೆದ ಪೌಲನನ್ನಲ್ಲ, ಅನುವಾದಕನನ್ನು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮಾಡಿದ ಅನುವಾದವನ್ನು ಬಾಸೆಲ್ ಮಿಷನ್ನಿನವರು ತಿದ್ದಿದರು, ಆಮೇಲೆ ಸಮಿತಿಗಳು ತಿದ್ದಿದವು. ಗ್ರೀಕಿನ 'ಕೈ' ಎಂಬ ಪುಟ್ಟ ಪದ ಕನ್ನಡದಲ್ಲಿ ಒಮ್ಮೆ 'ಮತ್ತು' ಆಗುತ್ತದೆ, ಒಮ್ಮೆ 'ಕೃಪೆಯೂ ಶಾಂತಿಯೂ' ಎಂಬಲ್ಲಿನಂತೆ ಊಕಾರದಲ್ಲಿ ಕರಗುತ್ತದೆ, ಒಮ್ಮೆ ಕಾಣೆಯೇ ಆಗುತ್ತದೆ. ಎಲ್ಲಕ್ಕೂ ಒಂದೇ ಇಸ್ತ್ರಿ ಹಾಕಿದ ಮೇಲೆ ಸುಕ್ಕನ್ನು ಎಲ್ಲಿ ಹುಡುಕುತ್ತೀರಿ?

ಈ 'ಕೈ' ಎಷ್ಟು ಸಲ ಬರುತ್ತದೆಂದು ಕಂಪ್ಯೂಟರಿನಲ್ಲಿ ಎಣಿಸಿ 1963ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಎ. ಕ್ಯೂ. ಮಾರ್ಟನ್ ಗದ್ದಲ ಎಬ್ಬಿಸಿದ್ದರು: ದೊಡ್ಡ ಪತ್ರಗಳಲ್ಲಿ ರೋಮ, ಎರಡು ಕೊರಿಂಥ, ಗಲಾತ್ಯ ಇಷ್ಟೇ ಪೌಲನವು ಎಂದು. ಅಮೆರಿಕದ ಪಾದ್ರಿ ಜಾನ್ ಎಲಿಸನ್ ಅದೇ ಅಳತೆಗೋಲನ್ನು ಜೇಮ್ಸ್ ಜಾಯ್ಸನ 'ಯುಲಿಸಿಸ್'ಗೆ ಹಿಡಿದರು. ಐವರು ಬರೆದ ಕಾದಂಬರಿ ಎಂದು ಬಂತು! ಮಾರ್ಟನ್‌ರ ಸ್ವಂತ ಲೇಖನಗಳಿಗೂ ಹಿಡಿದರು. ಅಲ್ಲೂ ಒಬ್ಬರಲ್ಲ, ಹಲವರು.

ಯಂತ್ರ ದಂಡ ಎನ್ನಲಾರೆ. ಇಸ್ರೇಲಿನ ಮೋಶೆ ಕೊಪ್ಪೆಲ್ ತಂಡ 2011ರಲ್ಲಿ ಬೈಬಲಿನ ಯೆರೆಮೀಯ, ಯೆಹೆಜ್ಕೇಲ ಗ್ರಂಥಗಳನ್ನು ಕಲಸಿಟ್ಟು, ಕಂಪ್ಯೂಟರಿನಿಂದ ಸಮಾನಾರ್ಥಕ ಪದಗಳ ಆಯ್ಕೆಯನ್ನು ನೋಡಿ ಹೆಚ್ಚೂಕಡಿಮೆ ಪೂರ್ತಿ ಬೇರ್ಪಡಿಸಿತು. ಅದೂ ಹೀಬ್ರೂ ಮೂಲದ ಮೇಲೆ, ಅನುವಾದದ ಮೇಲಲ್ಲ.

ಆದರೂ ಒಂದು ಬರಹಕ್ಕೆ ಒಬ್ಬನೇ ಕರ್ತೃ ಎಂಬುದನ್ನು ಸಂಪಾದಕನ ಕುರ್ಚಿಯಲ್ಲಿ ಕೂತವನು ಹೇಗೆ ನಂಬಿಯಾನು? ರೋಮಾಪುರದವರ ಪತ್ರದ 16ನೆಯ ಅಧ್ಯಾಯ ತೆರೆಯಿರಿ. ಪೌಲನ ವಂದನೆಗಳ ನಡುವೆ ಥಟ್ಟನೆ ತಲೆಹಾಕಿ, ಇದನ್ನು ಬರೆದ ತೆರ್ತ್ಯನೆಂಬ ನಾನೂ ವಂದಿಸುತ್ತೇನೆ ಎನ್ನುತ್ತಾನೆ ಬರೆದುಕೊಂಡವನು. ಗಲಾತ್ಯದ ಕೊನೆಯಲ್ಲಿ ಪೌಲನೇ, ಸ್ವಂತ ಕೈಯಿಂದ ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ ನೋಡಿ ಎನ್ನುತ್ತಾನೆ. ಹಾಗಾದರೆ ಅಲ್ಲಿಯವರೆಗಿನ 'ಕೈ'ಗಳಲ್ಲಿ ಪೌಲನವೆಷ್ಟು, ಲಿಪಿಕಾರನವೆಷ್ಟು?

ನನ್ನ ಸಂಕಟ ಬೇರೆಯೇ. ಕವಿರಾಜಮಾರ್ಗ ನೃಪತುಂಗನದೋ ಶ್ರೀವಿಜಯನದೋ ಎಂದು ಹಿಂದಿನವರು ಪದ್ಯ ಪದ್ಯ ಹಿಡಿದು ಜಗಳವಾಡಿದರು. ಈಗ ನಮಗೆ ಲೇಖನ ಕಳುಹಿಸುವವರು ಹಳಗನ್ನಡದ ಒಂದು ಕಂದಪದ್ಯ ಬಿಡಿಸಲಾರರು, ಬಣ್ಣದ ನಕ್ಷೆ ಮಾತ್ರ ನಾಲ್ಕು ಅಂಟಿಸುತ್ತಾರೆ. ನಿಮ್ಮ ಮೊಮ್ಮಗಳಿಗೆ ಮೊದಲು ಗ್ರೀಕ್ ಅಕ್ಷರ ಕಲಿಸಿ. ಇಪ್ಪತ್ತನಾಲ್ಕೇ ಇವೆ, ನಮ್ಮ ಅರ್ಧದಷ್ಟೂ ಇಲ್ಲ. ಮೂಲದ ಮೇಲೆ ಎಣಿಸಿ ಕಳುಹಿಸಿದರೆ ಖಂಡಿತ ಅಚ್ಚು ಹಾಕುತ್ತೇನೆ.

ಅಂದ ಹಾಗೆ, ನಿಮ್ಮ ಪತ್ರದಲ್ಲಿ ಏಳು 'ಮತ್ತು'ಗಳಿದ್ದವು. ಮೇಲೆ ಎರಡನ್ನು ಉಳಿಸಿದ್ದೇನೆ.